ಬಯಲುಸೀಮೆಯ ಬಿಸಿಲಿಗೆ ಬಿರಿಯದ ಬೆಂಚು: ಮನೆಯಲ್ಲೇ ಮಾಡುವ ಪೂರ್ತಿ ವಿಧಾನ

ಮರಗೆಲಸ ಕಲಿಯಬೇಕು ಅನ್ನುವವರು ಮೊದಲು ಮಷೀನ್ ಹುಡುಕುತ್ತಾರೆ. ಯಾವ ಡ್ರಿಲ್, ಯಾವ ಗ್ರೈಂಡರ್, ಯಾವ ಕಂಪನಿ ಅಂತ ವಾರಗಟ್ಟಲೆ ವಿಡಿಯೋ ನೋಡುತ್ತಾರೆ. ಮರದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಮನೆಯಲ್ಲಿ ಮಾಡಿದ ಪೀಠೋಪಕರಣ ಕೆಡುವುದು ಹೆಚ್ಚಾಗಿ ಮರದಿಂದಲೇ. ಯುಗಾದಿ ಹೊತ್ತಿಗೆ ಹಲಗೆ ಒಣಗಿ ಕುಗ್ಗುತ್ತದೆ, ಮಳೆ ಹಿಡಿದಾಗ ತೇವ ಹೀರಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಎಳೆದಾಡುವುದು ಎಲ್ಲರ ಮನೆಯಲ್ಲೂ ಕಂಡದ್ದೇ ಅಲ್ವಾ? ಅದೇ ಹಲಗೆಯನ್ನು ನಾಲ್ಕೂ ಕಡೆ ಮೊಳೆ ಹೊಡೆದು ಅಲ್ಲಾಡದಂತೆ ಕಟ್ಟಿಹಾಕಿದರೆ ಅದು ನಡುವೆ ಸೀಳುತ್ತದೆ, ಬೇರೆ ದಾರಿ ಇಲ್ಲ ಅದಕ್ಕೆ.

ಹಾಗಾಗಿ ಇಲ್ಲಿ ಒಂದೇ ಒಂದು ಸಾಮಾನು ಮಾಡೋಣ: ಪಡಸಾಲೆಯಲ್ಲಿ ಇಬ್ಬರು ಕೂರುವ ಬೆಂಚು. 4 ಅಡಿ ಉದ್ದ, 14 ಇಂಚು ಅಗಲ, 17.5 ಇಂಚು ಎತ್ತರ. ಕಾಲುಗಳಿಗೆ ತೂತು ಹೊಡೆದು ಪಟ್ಟಿ ಕೂರಿಸುವ ಹಳೇ ಪದ್ಧತಿ. ಇಷ್ಟು ಬಂದರೆ ಟೇಬಲ್ ಬರುತ್ತದೆ, ಮಂಚವೂ ಬರುತ್ತದೆ.

ಯಾವ ಮರ, ಎಲ್ಲಿಂದ

ಹೊಸಬರಿಗೆ ನಾನು ಹೇಳುವುದು ಹಳೇ ಮರ. ನಮ್ಮ ಕಡೆ ಹಳ್ಳಿಗಳಲ್ಲಿ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವುದು ನಡೆದೇ ಇದೆ. ಆ ಮನೆಗಳ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳು ಹತ್ತಾರು ವರ್ಷ ಒಣಗಿರುತ್ತವೆ. ಇನ್ನು ಕುಗ್ಗುವುದು ಬಹಳ ಕಮ್ಮಿ. ಹೊರಗೆ ಹೊಗೆ ಹಿಡಿದು ಕಪ್ಪಗೆ ಕಂಡರೂ ಒಂದು ಪದರ ಕೀಸಿದರೆ ಒಳಗಿನ ಬಣ್ಣ ನೋಡಿ ಖುಷಿಯಾಗುತ್ತದೆ. ಎಚ್ಚರ ಬೇಕಾದ್ದು ಎರಡು ವಿಷಯದಲ್ಲಿ. ಒಂದು, ಒಳಗೆ ಮುರಿದು ಉಳಿದ ಮೊಳೆ. ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನಕ್ಕೆ ಆಡಿಸಿ, ಮೊಳೆ ಇದ್ದ ಕಡೆ ಅದು ವಾಲುತ್ತದೆ. ಇನ್ನೊಂದು, ಹುಳ. ಸಣ್ಣ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಆ ತುಂಡು ಎಷ್ಟೇ ಚೆನ್ನಾಗಿ ಕಂಡರೂ ಮನೆಗೆ ತರಬೇಡಿ.

ಹಳೇದು ಸಿಗದಿದ್ದರೆ ಸಾಮಿಲ್‌ಗೆ ಹೋಗಬೇಕು. ಸಾಗುವಾನಿ ಎಲ್ಲಕ್ಕಿಂತ ಸುಲಭ, ಉಳಿಗೆ ಒಗ್ಗುತ್ತದೆ, ಕುಗ್ಗುವುದೂ ಹಿಗ್ಗುವುದೂ ಕಮ್ಮಿ, ರೇಟು ಮಾತ್ರ ಜಾಸ್ತಿ. ಬಯಲುಸೀಮೆಯ ಜನ ಮೊದಲಿಂದ ಬಾಗಿಲು ಕಿಟಕಿಗೆ ಬಳಸಿದ್ದು ಬೇವು. ಗಟ್ಟಿಯಾಗಿದೆ, ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿಗೆ, ಹುಳ ಬೇಗ ಹತ್ತುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೆ ಬೇವಿನ ಎಳೆ ಒಂದು ಪದರ ಈ ಕಡೆ, ಇನ್ನೊಂದು ಪದರ ಆ ಕಡೆ ಓಡುತ್ತದೆ, ಹತ್ತರಿ, ಅಂದರೆ ಮರ ಕೀಸುವ ಹತ್ಯಾರು, ಹಿಡಿದರೆ ಅಲ್ಲಲ್ಲಿ ಕಿತ್ತುಬರುತ್ತದೆ. ಅದರ ಪುಡಿಗೆ ಸೀನು ಬರುವುದೂ ಉಂಟು, ಮಾಸ್ಕ್ ಹಾಕಿಕೊಳ್ಳಿ. ಚಿತ್ರದುರ್ಗದ ಒಣಕಾಡಿನ ಕಮರ ಅನ್ನುವ ಮರ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ, ಕೈ ಹತ್ಯಾರಿನಲ್ಲಿ ಅದರ ತಂಟೆಗೆ ಹೋಗಬೇಡಿ. ಬಳ್ಳಾರಿ ಜಾಲಿ ಸೌದೆ ಅಂತ ಎಲ್ಲರೂ ಬಿಸಾಕುತ್ತಾರೆ, ಹತ್ಯಾರಿನ ಹಿಡಿಗೆ ಅದು ಚಿನ್ನ. ಬೆಂಚಿಗೆ ಬೇಕಾದಷ್ಟು ನೆಟ್ಟಗಿನ ಉದ್ದ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಹೊಲದ ಬದುವಿನಲ್ಲಿ ನಮ್ಮದೇ ಬೇವಿನ ಮರ ಇದೆ, ಕಡಿಸಿದರಾಯ್ತು ಅನ್ನುವವರಿಗೆ ಒಂದು ಮಾತು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಸ್ವಂತ ಜಮೀನಿನ ಮರವಾದರೂ ಕೆಲವು ಜಾತಿ ಬಿಟ್ಟು ಉಳಿದದ್ದಕ್ಕೆ ಅನುಮತಿ ಬೇಕು. ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಸಾಮಿಲ್‌ನಲ್ಲಿ ಲೆಕ್ಕ ಘನ ಅಡಿಯಲ್ಲಿ. ದಪ್ಪ ಮತ್ತು ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ತಗೊಂಡು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 8 ಇಂಚು ಅಗಲ, 1.25 ಇಂಚು ದಪ್ಪ, 4.5 ಅಡಿ ಉದ್ದದ ಹಲಗೆ ಅಂದರೆ 45 ಭಾಗಿಸು 144, ಅಂದರೆ 0.31 ಘನ ಅಡಿ. ಈ ಬೆಂಚಿಗೆ ಕೀಸುವ ನಷ್ಟ ಸೇರಿ ಒಂದೂಕಾಲು ಘನ ಅಡಿ ಮರ ಸಾಕು. ಹೋಗುವಾಗ ಟೇಪು, ಪೆನ್ನು, ಲೆಕ್ಕದ ಚೀಟಿ ಜೇಬಲ್ಲಿರಲಿ.

ಒಣಗಿದೆಯಾ ಅಂತ ತಿಳಿಯುವುದು

"ಅಣ್ಣಾ, ಇದು ಒಣಗಿದೆಯಾ?" ಅಂತ ಕೇಳಿದರೆ "ಒಣಗಿದೆ ಬಿಡಿ ಸಾರ್" ಅಂತಲೇ ಉತ್ತರ ಬರುತ್ತದೆ. "ಯಾವಾಗ ಕೊಯ್ದಿದ್ದು?" ಅಂತ ಕೇಳಿ, ಆಗ ಸ್ವಲ್ಪ ನಿಜ ಹೊರಬೀಳುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ನಮ್ಮ ಒಣಹವೆಯಲ್ಲಿ ಅದಕ್ಕಿಂತ ಬೇಗ ಆಗುತ್ತದೆ.

ತೇವ ಅಳೆಯುವ ಮೀಟರ್ ಇಲ್ಲದೆ ಪರೀಕ್ಷೆ ಮಾಡಬಹುದು. ಹಲಗೆಯ ತುದಿಯಿಂದ ಒಂದು ಅಡಿಯಾದರೂ ಒಳಗೆ ಬಂದು ಮೂರು ಬೆಂಕಿಪೊಟ್ಟಣ ಜೋಡಿಸಿದಷ್ಟು ತುಂಡು ಕೊಯ್ಯಿರಿ. ತುದಿ ಯಾವಾಗಲೂ ಬೇಗ ಒಣಗುತ್ತದೆ, ಅದನ್ನು ನಂಬಿದರೆ ಮೋಸ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಆಮೇಲೆ ಓಟಿಜಿ ಅನ್ನುವ ಕರೆಂಟಿನ ಒಲೆಯಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಇಡಿ. ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವದ ಪ್ರಮಾಣ. 60 ಗ್ರಾಂ ಇದ್ದದ್ದು 52ಕ್ಕೆ ನಿಂತರೆ ಶೇಕಡ 15ರ ಮೇಲಿದೆ, ಇನ್ನೂ ಕಾಯಬೇಕು. 10ರಿಂದ 12 ಇದ್ದರೆ ಕೆಲಸ ಶುರು ಮಾಡಬಹುದು. ಒಲೆ ಇಲ್ಲವಾ? ಹಲಗೆಯನ್ನೇ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಅದು ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆ.

ಕಾಯುವಾಗ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಇಡಬೇಡಿ. ನಡುನಡುವೆ ಒಂದು ಇಂಚಿನ ರೀಪು, ಅಂದರೆ ಸಣ್ಣ ಮರದ ಪಟ್ಟಿ, ಕೊಟ್ಟು ಪೇರಿಸಿ, ರೀಪುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿರಲಿ, ತುದಿಗಳಿಗೆ ಪೇಂಟ್ ಬಳಿಯಿರಿ. ಜಿಂಕ್ ಶೀಟಿನ ಕೆಳಗೆ ಮಾತ್ರ ಬೇಡ. ಏಪ್ರಿಲ್‌ನಲ್ಲಿ ಅಲ್ಲಿ ಒಲೆಯೊಳಗಿನ ಹಾಗೆ ಕಾಯುತ್ತದೆ, ಹೊರಪದರ ಒಮ್ಮೆಗೇ ಒಣಗಿ ಬಿರಿಯುತ್ತದೆ, ಒಳಗೆ ಹಸಿಯೇ ಇರುತ್ತದೆ. ಚಿತ್ರದುರ್ಗದ ಕಡೆಯವರು ಗಾಳಿಯನ್ನೂ ಗಮನಿಸಿ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ನೇರ ಬಡಿಯುವ ವೆರಾಂಡಕ್ಕಿಂತ ಒಳಕೋಣೆಯೇ ಮರಕ್ಕೆ ಒಳ್ಳೆಯದು.

ಹತ್ಯಾರು, ಮತ್ತು ಸಾಣೆ

ಬೇಕಾದ್ದು ಇಷ್ಟು: ಹಲ್ಲು ಚಿಕ್ಕದಿರುವ ಒಂದು ಗರಗಸ, ಕಬ್ಬಿಣದ ಹತ್ತರಿ, 6 ಮತ್ತು 10 ಮಿಲಿಮೀಟರ್ ಉಳಿ, ಒಂದು ಇಂಚಿನ ಉಳಿ, ಮರದ ಕೊಡತಿ, ಮೂಲೆಮಟ್ಟ, ಗೀಟು ಹಾಕುವ ಗೇಜು, ಟೇಪು, ಡ್ರಿಲ್ ಮಷೀನ್, ನಾಲ್ಕು ಕ್ಲ್ಯಾಂಪು. ಕ್ಲ್ಯಾಂಪುಗಳಲ್ಲಿ ಎರಡಾದರೂ 4 ಅಡಿ ಹಿಡಿಯುವಂಥವು ಇರಲಿ. ಸರ್ಕ್ಯುಲರ್ ಗರಗಸ ಈಗಲೇ ಬೇಡ. ಡ್ರಿಲ್ ಹಿಡಿದಾಗ ಕೈಗವಸು ಹಾಕಬೇಡಿ, ತಿರುಗುವ ಡ್ರಿಲ್ ಬಿಟ್ (ಕೊರೆಯುವ ಮೊನೆ) ಬಟ್ಟೆ ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ. ಜೋಲಾಡುವ ಲುಂಗಿಯೂ ಬೇಡ. ಕನ್ನಡಕ ಮಾತ್ರ ಬೇಕೇ ಬೇಕು.

ಇವೆಲ್ಲಕ್ಕಿಂತ ಮುಖ್ಯವಾದ್ದು ಸಾಣೆಕಲ್ಲು. ಅಂಗಡಿಯಿಂದ ತಂದ ಹೊಸ ಉಳಿಗೆ ಹರಿತ ಇರುವುದಿಲ್ಲ, ಸಾಣೆ ನಾವೇ ಹಿಡಿಯಬೇಕು. ಮೊದಲು ಉಳಿಯ ಬೆನ್ನನ್ನು, ಅಂದರೆ ಚಪ್ಪಟೆ ಕಡೆಯನ್ನು, ತುದಿಯ ಒಂದು ಇಂಚು ಕನ್ನಡಿಯಾಗುವ ತನಕ ಕಲ್ಲಿನ ಮೇಲೆ ಮಲಗಿಸಿ ಉಜ್ಜಿ. ಇದು ಉಳಿಯ ಜೀವಮಾನಕ್ಕೆ ಒಮ್ಮೆ ಮಾಡುವ ಕೆಲಸ, ಬೇಜಾರಾದರೂ ಬಿಡಬೇಡಿ. ಆಮೇಲೆ ಇಳಿಜಾರಿನ ಕಡೆ 25ರಿಂದ 30 ಡಿಗ್ರಿ ಓರೆಯಲ್ಲಿ ಹಿಡಿದು ತಿಕ್ಕಿ. ಬೆನ್ನಿನ ಕಡೆ ಬೆರಳು ಸವರಿದರೆ ಸಣ್ಣ ತರಿ ತಾಕಬೇಕು, ಅಂಚಿನ ಈ ಕೊನೆಯಿಂದ ಆ ಕೊನೆಯವರೆಗೂ ತಾಕಬೇಕು. ಬೆನ್ನನ್ನು ಮತ್ತೆ ಕಲ್ಲಿಗೆ ಮಲಗಿಸಿ ಎರಡು ಸಲ ಎಳೆದು ಆ ತರಿ ತೆಗೆಯಿರಿ. ನ್ಯೂಸ್‌ಪೇಪರ್ ಹಾಳೆ ಗಾಳಿಯಲ್ಲಿ ಹಿಡಿದು ಉಳಿ ಇಟ್ಟರೆ ಹರಿಯದೆ ಕೊಯ್ಯಬೇಕು, ಅದೇ ಪರೀಕ್ಷೆ. ಹತ್ತರಿಯ ಅಲಗಿಗೂ ಇದೇ ರೀತಿ. ಕೆಲಸದ ನಡುವೆ ಉಳಿ ಒತ್ತಿ ಒತ್ತಿ ಹಿಡಿಯಬೇಕಾಗುತ್ತಿದೆ ಅನಿಸಿದರೆ ನಿಲ್ಲಿಸಿ ಮತ್ತೆ ಸಾಣೆ ಹಿಡಿಯಿರಿ. ಮೊಂಡು ಉಳಿಯೇ ಕೈ ಕೊಯ್ಯುವುದು, ಯಾಕಂದರೆ ಬಲ ಹಾಕಿದಾಗ ಅದು ಜಾರುತ್ತದೆ.

ತುಂಡುಗಳ ಅಳತೆ

ಕಾಲು ನಾಲ್ಕು: 2 ಇಂಚು ಚೌಕ, 17.5 ಇಂಚು ಉದ್ದ. ಕೊನೆಗೆ ಉಳಿಯುವುದು 16.5. ಮೇಲ್ತುದಿಯ ಹೆಚ್ಚುವರಿ ಒಂದು ಇಂಚನ್ನು ಈಗಲೇ ಕೊಯ್ಯಬೇಡಿ, ತೂತು ಹೊಡೆಯುವಾಗ ಕಾಲು ಸೀಳದಂತೆ ಅದೇ ಕಾಯುತ್ತದೆ.
ಉದ್ದ ಪಟ್ಟಿ ಎರಡು: 3.5 ಇಂಚು ಅಗಲ, 1 ಇಂಚು ದಪ್ಪ, 42.5 ಇಂಚು ಉದ್ದ.
ಗಿಡ್ಡ ಪಟ್ಟಿ ಎರಡು: ಅದೇ ಅಗಲ ದಪ್ಪ, 10.5 ಇಂಚು ಉದ್ದ.
ಕಾಲಿನ ಕೆಳಗಿನ ಅಡ್ಡಪಟ್ಟಿ ಎರಡು: 2 ಇಂಚು ಅಗಲ, 1 ಇಂಚು ದಪ್ಪ, 10.5 ಇಂಚು ಉದ್ದ.
ಮೇಲ್ಹಲಗೆ: 7 ಇಂಚಿಗಿಂತ ಸ್ವಲ್ಪ ಜಾಸ್ತಿ ಅಗಲದ ಎರಡು ಹಲಗೆ, 1 ಇಂಚು ದಪ್ಪ, 49 ಇಂಚು ಉದ್ದ. ಅಂಟಿಸಿದ ಮೇಲೆ 48ಕ್ಕೆ ಕೊಯ್ಯುವುದು.

ದಪ್ಪ ಸಮ ಮಾಡುವುದಕ್ಕೆ ಪ್ಲೇನಿಂಗ್ ಮಷೀನ್ ಇರುವ ಕಡೆ ಕೊಟ್ಟರೆ ಕೂಲಿ ತಗೊಂಡು ಮಾಡಿಕೊಡುತ್ತಾರೆ, ಅದರಲ್ಲಿ ಅವಮಾನ ಏನಿಲ್ಲ. ಕೈಯಲ್ಲೇ ಮಾಡುವುದಾದರೆ ಮೊದಲು ಒಂದು ಮುಖ ಸಮ, ಆಮೇಲೆ ಅದಕ್ಕೆ ಮೂಲೆಮಟ್ಟ ಹಿಡಿದು ಒಂದು ಮಗ್ಗುಲು, ಈ ಎರಡರಿಂದ ಗೇಜಿನಲ್ಲಿ ಗೀಟು ಹಾಕಿ ಉಳಿದ ಎರಡು. ಸರಿಯಾದ ಮುಖಕ್ಕೂ ಮಗ್ಗುಲಿಗೂ ಪೆನ್ಸಿಲ್ ಗುರುತು ಹಾಕಿ. ಮುಂದಿನ ಅಳತೆಯೆಲ್ಲ ಆ ಗುರುತಿನ ಕಡೆಯಿಂದಲೇ.

ತೂತು ಮತ್ತು ನಾಲಗೆ

ಇಡೀ ಬೆಂಚಿನ ಬಲ ಇರುವುದು ಇಲ್ಲಿ. ಪಟ್ಟಿಯ ತುದಿಯಲ್ಲಿ ಒಂದು ನಾಲಗೆ ಬಿಡುತ್ತೇವೆ, ಕಾಲಿನಲ್ಲಿ ಅದಕ್ಕೆ ತಕ್ಕ ತೂತು ಹೊಡೆಯುತ್ತೇವೆ. ಒಂದು ಇಂಚು ದಪ್ಪದ ಪಟ್ಟಿಗೆ ನಾಲಗೆ ದಪ್ಪ ಮೂರನೇ ಒಂದು ಭಾಗದ ಆಸುಪಾಸಿರಬೇಕು. ನಮ್ಮ ಬಳಿ 10 ಮಿಲಿಮೀಟರ್ ಉಳಿ ಇರುವುದರಿಂದ 10 ಅಂತಲೇ ಇಟ್ಟುಕೊಳ್ಳೋಣ.

ಮೊದಲು ತೂತು. ನಾಲ್ಕು ಕಾಲನ್ನೂ ಒಟ್ಟಿಗೆ ಜೋಡಿಸಿ ನಿಲ್ಲಿಸಿ ಯಾವ ಮುಖ ಹೊರಗೆ, ಯಾವುದು ಒಳಗೆ ಅಂತ ಬರೆಯಿರಿ. ಈ ಗುರುತಿಲ್ಲದೆ ಉಳಿ ಮುಟ್ಟಬೇಡಿ, ನಾಲ್ಕನೇ ಕಾಲಿನಲ್ಲಿ ಗ್ಯಾರಂಟಿ ತಲೆಕೆಳಗಾಗುತ್ತದೆ. ಕಾಲಿನ ಹೊರಮುಖದಿಂದ 14 ಮಿಲಿಮೀಟರ್ ಬಿಟ್ಟು ಒಂದು ಗೀಟು, 24ಕ್ಕೆ ಇನ್ನೊಂದು. ಮೇಲಿನ ಒಂದು ಇಂಚು ಹೆಚ್ಚುವರಿ, ಅದರ ಕೆಳಗೆ ಮುಕ್ಕಾಲು ಇಂಚು ಬಿಟ್ಟು ಅಲ್ಲಿಂದ ಎರಡೂವರೆ ಇಂಚು ಉದ್ದದ ತೂತು. ಕೆಳಗಿನ ಅಡ್ಡಪಟ್ಟಿಗೆ ನೆಲದಿಂದ ಸುಮಾರು 4 ಇಂಚು ಎತ್ತರದಲ್ಲಿ ಒಂದೂವರೆ ಇಂಚಿನ ತೂತು.

ಕಾಲನ್ನು ಗಟ್ಟಿ ಮೇಜಿಗೆ ಕ್ಲ್ಯಾಂಪ್ ಮಾಡಿ. 8 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ಸಾಲಾಗಿ ತೂತು ಕೊರೆಯಿರಿ. ಬಿಟ್‌ಗೆ 34 ಮಿಲಿಮೀಟರ್ ಹತ್ತಿರ ಅಂಟು ಟೇಪು ಸುತ್ತಿದರೆ ಆಳ ತಪ್ಪುವುದಿಲ್ಲ. ಉಳಿದ ಗೋಡೆಯನ್ನು ಉಳಿಯಿಂದ ತೆಗೆಯುವುದು. ಉದ್ದದ ಗೋಡೆಗಳಿಗೆ ಒಂದು ಇಂಚಿನ ಅಗಲ ಉಳಿ ಹಿಡಿದು ಗೀಟಿನ ಮೇಲೆ ನೇರ ನಿಲ್ಲಿಸಿ, ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಇಳಿಸಿ. ತುದಿಗಳಿಗೆ 10 ಮಿಲಿಮೀಟರ್ ಉಳಿ. ಎರಡು ತುದಿಯ ಗೀಟಿಗೆ ಮಾತ್ರ ಕೊನೆಯ ತನಕ ಹೋಗಬೇಡಿ, ಒಳಗೆಲ್ಲ ಖಾಲಿಯಾದ ಮೇಲೆ ಕಡೆಯ ಒಂದು ಸಿಪ್ಪೆ ತೆಗೆದು ಗೀಟಿಗೆ ಬನ್ನಿ. ಮೊದಲೇ ಹೋದರೆ ಪುಡಿ ಮೀಟುವಾಗ ಉಳಿಯ ಬೆನ್ನು ಒತ್ತಿ ಅಂಚು ಜಜ್ಜಿಹೋಗುತ್ತದೆ. ಮೇಲಿನ ಎರಡು ತೂತುಗಳು ಕಾಲಿನ ಒಳಗೆ ಒಂದನ್ನೊಂದು ಕೂಡುತ್ತವೆ, ಗಾಬರಿ ಬೇಡ, ಅದು ಹಾಗೇ ಇರಬೇಕು.

ಆಮೇಲೆ ನಾಲಗೆ. ಪಟ್ಟಿಯ ತುದಿಯಿಂದ ಒಂದೂಕಾಲು ಇಂಚಿಗೆ ಸುತ್ತಲೂ ಗೀಟು. ಪೆನ್ಸಿಲ್ ಬೇಡ, ಚಾಕು ಬಳಸಿ. ಚಾಕು ಗೀಟಿಗೆ ಗರಗಸ ತಾನಾಗಿ ಕೂರುತ್ತದೆ, ಎಳೆ ಸಿಬಿರೆದ್ದು ಕೀಳುವುದಿಲ್ಲ. ಗರಗಸದ ಹಲ್ಲು ಯಾವಾಗಲೂ ಗೀಟಿನ ಆಚೆ, ಬಿಸಾಕುವ ಕಡೆಯೇ ಓಡಲಿ. ನಾಲಗೆ ಒಂದು ಕೂದಲೆಳೆ ದಪ್ಪ ಉಳಿದರೆ ಒಳ್ಳೆಯದು, ಉಳಿಯಿಂದ ಸವರಿ ಸವರಿ ತೂತಿಗೆ ಕೂರಿಸಬಹುದು. ಮೇಲೆ ಮುಕ್ಕಾಲು ಇಂಚು, ಕೆಳಗೆ ಕಾಲು ಇಂಚು ತೆಗೆದರೆ ನಾಲಗೆ ಎರಡೂವರೆ ಇಂಚಾಗುತ್ತದೆ. ಕೆಳಗಿನ ಅಡ್ಡಪಟ್ಟಿಗಾದರೆ ಮೇಲೂ ಕೆಳಗೂ ಕಾಲು ಕಾಲು ಇಂಚು. ಮೇಲಿನ ಪಟ್ಟಿಗಳ ನಾಲಗೆ ತುದಿಯನ್ನು 45 ಡಿಗ್ರಿ ಓರೆಗೆ ಕೊಯ್ಯಿರಿ, ಕಾಲಿನೊಳಗೆ ಎರಡು ನಾಲಗೆ ಸಂಧಿಸುವಾಗ ಗುದ್ದಾಡುವುದಿಲ್ಲ.

ಎಷ್ಟು ಬಿಗಿ ಇರಬೇಕು? ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧ ಕೊಡತಿಯ ನಾಲ್ಕು ಏಟಿಗೆ ಹೋಗಬೇಕು. ಸುತ್ತಿಗೆಯಿಂದ ಬಡಿಯಬೇಕಾಗಿ ಬಂದರೆ ಕಾಲು ಸೀಳುತ್ತದೆ. ಸಡಿಲವಾಯಿತಾ? ನಾಲಗೆಯ ಮಗ್ಗುಲಿಗೆ ಹತ್ತರಿಯ ತೆಳು ಸಿಪ್ಪೆ ಅಂಟಿಸಿ ಮತ್ತೆ ಸವರಿ. ಒಂದೊಂದು ಜೋಡಿಗೂ ನಂಬರ್ ಬರೆಯಿರಿ.

ಮೇಲ್ಹಲಗೆ ಅಂಟಿಸುವುದು

ಎರಡು ಹಲಗೆಯ ಸೇರುವ ಅಂಚು ಕಾಣದಂತೆ ಕೂಡಿಸಲು ಒಂದು ಉಪಾಯ ಇದೆ. ಎರಡನ್ನೂ ಪುಸ್ತಕ ಮುಚ್ಚಿದ ಹಾಗೆ ಮುಖಕ್ಕೆ ಮುಖ ಮಡಚಿ, ಎರಡರ ಅಂಚನ್ನೂ ಒಟ್ಟಿಗೇ ಹತ್ತರಿ ಹಿಡಿಯಿರಿ. ನಿಮ್ಮ ಕೈ ಒಂದು ಕಡೆ ವಾಲಿದ್ದರೂ ಬಿಡಿಸಿದಾಗ ಒಂದರ ಓರೆ ಇನ್ನೊಂದರ ಓರೆಗೆ ಸರಿಹೋಗಿ ಹಲಗೆ ಸಮತಟ್ಟಾಗಿ ಕೂರುತ್ತದೆ. ಒಂದರ ಮೇಲೊಂದು ನಿಲ್ಲಿಸಿ ಹಿಂದೆ ಬೆಳಕು ಹಿಡಿಯಿರಿ. ತುದಿಗಳಲ್ಲಿ ಬೆಳಕು ಸೋರಬಾರದು. ನಡುವೆ ಕಾಗದದಷ್ಟು ಸಂದಿದ್ದರೆ ಪರವಾಗಿಲ್ಲ, ಕ್ಲ್ಯಾಂಪು ಎಳೆದುಕೊಳ್ಳುತ್ತದೆ.

ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಆದರೆ ಮೇ ತಿಂಗಳ ಮಧ್ಯಾಹ್ನ ಹಚ್ಚಲು ಹೋಗಬೇಡಿ, ಎರಡನೇ ಹಲಗೆ ತರುವಷ್ಟರಲ್ಲಿ ಮೇಲೆ ಕೆನೆ ಕಟ್ಟಿರುತ್ತದೆ. ಬೆಳಿಗ್ಗೆ ತಂಪು ಹೊತ್ತಲ್ಲಿ, ಫ್ಯಾನ್ ಆಫ್ ಮಾಡಿ, ಕ್ಲ್ಯಾಂಪು ಮೊದಲೇ ತೆಗೆದಿಟ್ಟುಕೊಂಡು ಅಂಟಿಸಿ. ಅಂಟು ಹಾಕುವ ಮುಂಚೆ ಒಣಕಲು ಜೋಡಣೆ ಒಮ್ಮೆ ಮಾಡಿ ನೋಡಿ. ಕ್ಲ್ಯಾಂಪು ಒಂದು ಮೇಲಿಂದ, ಒಂದು ಕೆಳಗಿಂದ, ಇಲ್ಲದಿದ್ದರೆ ಹಲಗೆ ಬಿಲ್ಲಾಗುತ್ತದೆ. ಸಂದಿಯಿಂದ ಸಣ್ಣ ಮಣಿಗಳಾಗಿ ಅಂಟು ಹೊರಬಂದರೆ ಒತ್ತಡ ಸರಿಯಿದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಸವರಿ ಮರದ ತುಂಬ ಮೆತ್ತಬೇಡಿ, ರಬ್ಬರಿನಂತಾದಾಗ ಉಳಿಯಿಂದ ಕೆರೆಯಿರಿ. ರಾತ್ರಿಯೆಲ್ಲ ಬಿಡಿ.

ಚೌಕಟ್ಟು ಎರಡು ದಿನದ ಕೆಲಸ. ಮೊದಲ ದಿನ ಎರಡು ಕಾಲು, ಗಿಡ್ಡ ಪಟ್ಟಿ, ಅಡ್ಡಪಟ್ಟಿ ಸೇರಿಸಿ ಎರಡು ಮಗ್ಗುಲು. ಮಾರನೇ ದಿನ ಉದ್ದ ಪಟ್ಟಿ ಹಾಕಿ ಎರಡನ್ನೂ ಕೂಡಿಸಿ. ಕ್ಲ್ಯಾಂಪು ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಸಮ ಇದೆಯಾ ನೋಡಿ. ಯಾವುದು ಉದ್ದ ಬಂತೋ ಆ ಮೂಲೆಗಳ ಕಡೆಗೆ ಕ್ಲ್ಯಾಂಪನ್ನು ಸ್ವಲ್ಪ ಓರೆ ಮಾಡಿದರೆ ಸರಿಹೋಗುತ್ತದೆ. ಅಂಟು ಒಣಗಿದ ಮೇಲೆ ಕಾಲಿನ ಹೆಚ್ಚುವರಿ ಇಂಚು ಕೊಯ್ದು ಪಟ್ಟಿಗೆ ಸಮ ಮಾಡಿ.

ಹಲಗೆಯನ್ನು ಕೂರಿಸುವುದು, ಕಟ್ಟಿಹಾಕದೆ

ಮರ ಉದ್ದಕ್ಕೆ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ, ಅಗಲಕ್ಕೆ ಅಲ್ಲಾಡುತ್ತದೆ. 14 ಇಂಚು ಅಗಲದ ಸಾಗುವಾನಿ ಹಲಗೆಯ ತೇವ ಶೇಕಡ 5ರಷ್ಟು ಏರಿಳಿದರೆ ಅಗಲದಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಕಮ್ಮಿ ಅಲ್ಲಾಡುವ ಸಾಗುವಾನಿಯ ಲೆಕ್ಕ ಇದು, ಬೇರೆ ಮರ ಇನ್ನೂ ಜಾಸ್ತಿ. ಆ 3 ಮಿಲಿಮೀಟರಿಗೆ ಜಾಗ ಕೊಡಲೇಬೇಕು.

ಅದಕ್ಕೆ ಮರದ ಕೊಕ್ಕೆ ಮಾಡಿ. 2 ಇಂಚು ಉದ್ದ, ಒಂದೂಕಾಲು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ತುಂಡು. ಅದರ ಒಂದು ತುದಿಯಲ್ಲಿ ಅರ್ಧ ಇಂಚಿನ ಮೆಟ್ಟಿಲು ಕೊಯ್ದು ಚಿಕ್ಕ ನಾಲಗೆ ಬಿಡಿ. ಪಟ್ಟಿಗಳ ಒಳಮುಖದಲ್ಲಿ, ಮೇಲಂಚಿನಿಂದ ಅರ್ಧ ಇಂಚು ಕೆಳಗೆ, ಆ ನಾಲಗೆ ಹೋಗುವಷ್ಟು ಗಾಡಿ, ಅಂದರೆ ಮರದಲ್ಲಿ ಕೊರೆದ ಸಣ್ಣ ಕಾಲುವೆ, ಹೊಡೆಯಿರಿ. ಉದ್ದ ಪಟ್ಟಿಗೆ ಮೂರು ಮೂರು, ಗಿಡ್ಡ ಪಟ್ಟಿಗೆ ಒಂದೊಂದು. ಕೊಕ್ಕೆಯ ನಾಲಗೆ ಗಾಡಿಯಲ್ಲಿ, ಮೈ ಮೇಲ್ಹಲಗೆಯ ಅಡಿಗೆ, ಅದಕ್ಕೆ ಒಂದೂಕಾಲು ಇಂಚಿನ ಒಂದು ಸ್ಕ್ರೂ. ಕೊಕ್ಕೆಗೂ ಹಲಗೆಗೂ ನಡುವೆ ಕಾರ್ಡಿನಷ್ಟು ಸಂದಿರಲಿ, ಸ್ಕ್ರೂ ಬಿಗಿದಾಗ ಹಲಗೆ ಕೆಳಕ್ಕೆ ಎಳೆದು ಕೂರುತ್ತದೆ. ಉದ್ದ ಪಟ್ಟಿಯ ಕೊಕ್ಕೆಗಳ ನಾಲಗೆಯನ್ನು ಗಾಡಿಯ ತಳಕ್ಕೆ ತಾಕಿಸದೆ 3 ಮಿಲಿಮೀಟರ್ ಹಿಂದೆ ನಿಲ್ಲಿಸಿ. ಗಿಡ್ಡ ಪಟ್ಟಿಯದನ್ನು ಹಲಗೆಯ ನಟ್ಟನಡುವೆ ಹಾಕಿ, ಆಗ ಹಲಗೆ ಎರಡೂ ಕಡೆಗೆ ಸಮನಾಗಿ ಹಿಗ್ಗುತ್ತದೆ. ಅಂಟು ಒಂದು ತೊಟ್ಟೂ ಬೇಡ.

ಬೆಂಚು ಕುಂಟುತ್ತಿದ್ದರೆ ಸಮತಟ್ಟಾದ ಗ್ರಾನೈಟ್ ನೆಲದ ಮೇಲಿಟ್ಟು, ಎತ್ತಿದ ಕಾಲಿನ ಕೆಳಗೆ ರಟ್ಟು ಕೊಟ್ಟು ಅಲ್ಲಾಡದಂತೆ ಮಾಡಿ. ಒಂದು ಚಪ್ಪಟೆ ಮರದ ಚೂರಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೀಟೆಳೆದು ಅಷ್ಟನ್ನು ಕೊಯ್ಯಿರಿ.

ಎಣ್ಣೆ

80, 120, 180 ನಂಬರಿನ ಉಪ್ಪುಕಾಗದ, ಇದೇ ಕ್ರಮದಲ್ಲಿ, ಎಳೆಯ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಮೊದಲ ಸಲಕ್ಕೆ ಅಗಸೆ ಎಣ್ಣೆ ಸುಲಭ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಎಣ್ಣೆಯನ್ನೇ ಕೇಳಿ. ಎಣ್ಣೆ ಎಣ್ಣೆಯೇ ಅಲ್ವಾ ಅಂತ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಬಳಿದರೆ ಅದು ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಜಿಗುಟಾಗುತ್ತದೆ. ಅದು ಮಂಡಕ್ಕಿ ಒಗ್ಗರಣೆಗೆ ಇರಲಿ.

ಮೊದಲ ಕೋಟ್‌ಗೆ ಅರ್ಧ ಎಣ್ಣೆ ಅರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ. ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒಂದು ದಿನ ಒಣಗಲಿ, ಆಮೇಲೆ ಬರೀ ಎಣ್ಣೆಯ ಎರಡು ತೆಳು ಕೋಟು. ಹಲಗೆಯ ಅಡಿಗೂ ಹಚ್ಚಿ. ಮೇಲೊಂದೇ ಕಡೆ ಹಚ್ಚಿದರೆ ಅಡಿಯಿಂದ ತೇವ ಬೇಗ ಹೀರಿ ಹಲಗೆ ಬಾಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತಬಹುದು. ನಮ್ಮ ಬೇಸಿಗೆಯಲ್ಲಂತೂ ಇದು ತಮಾಷೆಯ ಮಾತಲ್ಲ. ನೀರಲ್ಲಿ ಅದ್ದಿ, ಹೊರಗೆ ನೆಲದ ಮೇಲೆ ಒಂದೊಂದಾಗಿ ಬಿಡಿಸಿ ಹರವಿ, ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಬಿಸಾಕಿ.

ಎಣ್ಣೆ ವಾಸನೆ ಹೋಗುವ ತನಕ, ಒಂದು ವಾರವಾದರೂ, ಬೆಂಚಿನ ಮೇಲೆ ಬಿಳಿ ಪಂಚೆ ಉಟ್ಟವರನ್ನು ಕೂರಿಸಬೇಡಿ.